ಪಶ್ಚಿಮಕ್ಕೆ ಖಾಲಿ ಜಾಗ

ಭೀಮನಗರದ ದಾರಿಗೆ ಅಡ್ಡ ಕಲ್ಲು ಕಟ್ಟಿದವಳು ಭೀಮನಗರದ ಮಂಗಳಮ್ಮನೇ. ಅದನ್ನವಳು ಯಾರಿಂದಲೂ ಮುಚ್ಚಿಡಲಿಲ್ಲ. ಮುಚ್ಚಿಡುವ ಹಾಗೂ ಇರಲಿಲ್ಲ. ಹಾಡಹಗಲು, ಇಡೀ ಕೇರಿಯ ಕಣ್ಣೆದುರು, ಇನ್ನಿಬ್ಬರು ಹೆಂಗಸರ ಜೊತೆ ಆ ಕಲ್ಲುಗಳನ್ನು ಹೊತ್ತಿದ್ದಳು.

ಕಲ್ಲು ಕಟ್ಟಿದ್ದು ನಂಜನಗೂಡಿನ ಹೊರಗಿನ ಸರ್ಕಲ್ಲಿನಲ್ಲಿ. ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಗೆ ನರಸೀಪುರದ ಕಡೆಯ ರಸ್ತೆ ಅಲ್ಲಿ ಬಂದು ಕೂಡುತ್ತದೆ. ಫ್ಯಾಕ್ಟರಿ ಬಸ್ಸು, ಜಲ್ಲಿ ಟಿಪ್ಪರು, ಕೇರಳದ ಲಾರಿ, ಎಲ್ಲ ಅಲ್ಲೇ ನುಗ್ಗುತ್ತಿದ್ದವು. ವಾರಕ್ಕೊಬ್ಬರು ಬೀಳುತ್ತಿದ್ದರು. ಸರ್ಕಲ್ ಸರಿಮಾಡಿ ಎಂದು ಊರೆಲ್ಲ ಅರ್ಜಿ ಹಾಕಿತ್ತು. ಭೀಮನಗರದ ಯಜಮಾನ ಚಾಮಯ್ಯನೂ ಮೂರು ಸಲ ಹಾಕಿದ್ದ. ಯಾಕೆಂದರೆ ಅಲ್ಲಿ ಸತ್ತವರಲ್ಲಿ ಅವನ ಕೇರಿಯವರೇ ಹೆಚ್ಚು.

ಹೆದ್ದಾರಿಯ ಪಡುವಲ ಪಕ್ಕಕ್ಕೆ ಭೀಮನಗರ. ನೂರಾ ಅರವತ್ತು ಮನೆ. ಅಲ್ಲಿಂದ ಒಂದು ಮಣ್ಣುರಸ್ತೆ ನೇರ ಹೆದ್ದಾರಿಗೆ ಬಂದು ಮುಟ್ಟುತ್ತದೆ. ಉಳಿದದ್ದೆಲ್ಲ ಮೂಡಲ ಪಕ್ಕಕ್ಕಿದೆ. ಬಸ್ ಸ್ಟಾಪು ಅಲ್ಲಿ. ಶಾಲೆ ಅಲ್ಲಿ. ರೇಷನ್ ಅಂಗಡಿ ಅಲ್ಲಿ. ನಾಲೆಯ ಏರಿ ಹಿಡಿದು ಹೋದರೆ ಅವರ ಮಸಣವೂ ಅಲ್ಲೇ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಅವರು ಹೆದ್ದಾರಿಯನ್ನು ದಾಟಿಯೇ ಬದುಕಿದ್ದರು, ದಾಟಿಯೇ ಮಣ್ಣಿಗೆ ಹೋಗಿದ್ದರು.

ಕೆಲಸ ಶುರುವಾದಾಗ ಕೇರಿಯ ಹನ್ನೆರಡು ಜನಕ್ಕೆ ಕೂಲಿ ಸಿಕ್ಕಿತು. ಕಾಂಕ್ರೀಟಿನ ಅಚ್ಚುಕಲ್ಲು ಒಂದೊಂದೂ ಎಪ್ಪತ್ತು ಕೆ.ಜಿ. ಇಬ್ಬರು ಹೆಂಗಸರು ಬಗ್ಗಿ ಎತ್ತಿ, ಏಡಿಯ ಹಾಗೆ ಅಡ್ಡಡ್ಡ ನಡೆದು, ದಾರದ ಗೆರೆಗೆ ಕೂರಿಸಬೇಕು. ಸಿಮೆಂಟು ಬೆರಳ ಸಂದಿ ತಿನ್ನುತ್ತಿತ್ತು. ಸಂಜೆ ಮುದ್ದೆ ಮುರಿಯಲು ಹೋದರೆ ಸಾರಿನ ಖಾರ ಬೆಂಕಿಯಾಗುತ್ತಿತ್ತು. ಸರ್ಕಲ್ಲಿನ ತೆಂಕಲಿಗೆ ಹೊಸ ಕಲ್ಯಾಣ ಮಂಟಪ. ಅದರ ಗೇಟಿನಲ್ಲಿ ಒಂದು ನಲ್ಲಿ. ಮೊದಲ ದಿನ ಹೆಂಗಸರು ಅಲ್ಲಿ ನೀರು ಹಿಡಿದರು. ಎರಡನೆಯ ದಿನ ನಲ್ಲಿಗೆ ತಿರುಪು ಇರಲಿಲ್ಲ. ಬಿಚ್ಚಿ ಒಳಗಿಟ್ಟುಕೊಂಡಿದ್ದರು.

ರಸ್ತೆಯ ನಡುವೆ ಡಿವೈಡರು ಮೈಸೂರು ಕಡೆಯಿಂದ ಬೆಳೆಯುತ್ತ ಬಂತು. ಒಂದು ಬೆಳಿಗ್ಗೆ ಮಂಗಳಮ್ಮ ನೋಡಿದಳು. ಮುಂದಿನ ಕಲ್ಲುಗಳಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಗೆರೆ ಭೀಮನಗರದ ರಸ್ತೆಯ ಬಾಯಿಗೆ ಬಂದು ನಿಂತಿರಲಿಲ್ಲ. ಬಾಯಿಯನ್ನು ದಾಟಿ ಮುಂದೆ ಹೋಗಿತ್ತು. ಇನ್ನೂರು ಅಡಿ ಹೋಗಿ, ಮಂಟಪದ ಗೇಟಿನ ನೇರಕ್ಕೆ ನಿಂತಿತ್ತು. ಅಲ್ಲಿ ಅಗಲವಾದ ಬಿಡುವು.

ಅವಳು ಮೇಸ್ತ್ರಿ ಕಾಂತರಾಜುವನ್ನು ಕೇಳಿದಳು. ನರಸೀಪುರದವನು, ಕೆಟ್ಟವನಲ್ಲ.

"ಅಣ್ಣ, ನಮ್ಮ ಬೀದಿಗೆ ಬಾಯಿ ಬುಟ್ಟಿಲ್ವಲ್ಲ. ಗೆರೆ ತಪ್ಪಾಗ್ ಎಳ್ದವ್ರೆ."

"ಡ್ರಾಯಿಂಗ್ನಲ್ಲಿ ಅಂಗೇ ಅದೆ ಕಣವ್ವ. ನಂದೇನದೆ ಇದ್ರಲ್ಲಿ. ಸಾಹೇಬ್ರುನ್ನ ಕೇಳು."

ಸಾಹೇಬರೆಂದರೆ ಎಂಜಿನಿಯರ್ ದೀಪಕ್. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಅವನು ಬೈಯಲಿಲ್ಲ. ಕೈಯಲ್ಲಿದ್ದ ಟ್ಯಾಬನ್ನು ಅವಳ ಮುಖದ ಮುಂದೆ ಹಿಡಿದ. ಬಿಳಿ ಹಾಳೆಯ ಮೇಲೆ ನೀಲಿ ಗೆರೆಗಳು.

"ನೋಡಮ್ಮ, ಇದು ಮೈಸೂರು, ಇದು ಊಟಿ, ಇದು ನರಸೀಪುರ. ಮೂರೇ ರೋಡು. ನೀನು ಹೇಳೋ ರೋಡು ಇದರಲ್ಲಿ ಎಲ್ಲಿದೆ?"

"ಇಲ್ಲಿ ನಿಂತಿದ್ದೀವಲ್ಲ ಸಾ, ಇದೇಯ."

"ಅದು ರೆಕಾರ್ಡಲ್ಲಿ ಇಲ್ಲ. ಮುಂದೆ ಯೂ-ಟರ್ನ್ ಕೊಟ್ಟಿದ್ದೀವಿ. ಒಂದೂಕಾಲು ಕಿಲೋಮೀಟರ್. ಎರಡು ನಿಮಿಷ."

"ಗಾಡೀಗೆ ಎಲ್ಡ್ ನಿಮ್ಸ ಸಾ. ನಮ್ಗೆ ಗಾಡಿ ಎಲ್ಲದೆ."

ಅವನು ಆಗಲೇ ಫೋನು ಕಿವಿಗಿಟ್ಟಿದ್ದ.

ಆವತ್ತು ಅವಳು ಕಲ್ಲು ಹೊರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊತ್ತಳು. ಬಿಟ್ಟರೆ ನಾಳೆ ಇನ್ನೊಬ್ಬಳು ಬರುತ್ತಾಳೆ. ಗಂಡ ಹುಚ್ಚಯ್ಯನಿಗೆ ಫ್ಯಾಕ್ಟರಿಯಲ್ಲಿ ತಿಂಗಳಿಗೆ ಹತ್ತು ದಿನ ಕೆಲಸ. ಮಗಳು ಗೌತಮಿ ಮೈಸೂರಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳು ಹೊತ್ತಳು. ಚಾಮಯ್ಯ ನಾಲ್ಕನೆಯ ಅರ್ಜಿ ಹಿಡಿದು ಹೆದ್ದಾರಿ ಕಚೇರಿಗೆ ಹೋದ. ಸೀಲು ಒತ್ತಿಸಿಕೊಂಡು ಬಂದ. ಅಷ್ಟರಲ್ಲಿ ಬೀದಿಯ ಬಾಯಿ ಮುಚ್ಚಿತ್ತು.

ಮಂಗಳಮ್ಮನ ಅತ್ತೆ ನಿಂಗಾಜಮ್ಮನಿಗೆ ಎಪ್ಪತ್ತರ ಮೇಲೆ. ನಾಲೆಯ ಬದುವಿನಲ್ಲಿ ಸೊಪ್ಪು ಕಿತ್ತು, ಕಟ್ಟು ಕಟ್ಟಿ, ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಮಾರುವವಳು. ನಲವತ್ತು ವರ್ಷದ ಅಭ್ಯಾಸ. ಸೊಸೆ ಬೇಡವೆಂದರೆ, "ಕೂತ್ಕಂಡು ಉಣ್ಣಕ್ಕೆ ನಾನೇನ್ ಎಣವಾ" ಎನ್ನುತ್ತಿದ್ದಳು. ಡಿವೈಡರು ಬಂದ ಮೇಲೆ ಎರಡು ದಿನ ಮಂಟಪದ ಬಿಡುವಿನಲ್ಲಿ ದಾಟಿದಳು. ಮೂರನೆಯ ದಿನ ಕಾವಲಿನವನು ಗದರಿದ. ಕಾರು ತಿರುಗುವ ಜಾಗ, ನಿನ್ನಂಥವರು ಸತ್ತರೆ ನಮ್ಮ ತಲೆಗೆ ಬರುತ್ತದೆ ಅಂದ. ನಾಲ್ಕನೆಯ ದಿನ ಅವಳು ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ಡಿವೈಡರು ಹತ್ತಿದಳು. ಹತ್ತಿದಳು, ಇಳಿಯಲಾಗಲಿಲ್ಲ. ಆಚೆ ಪಕ್ಕಕ್ಕೆ ಕಾಲು ಬಿಟ್ಟವಳು ಅಂಚಿಗೆ ಸೊಂಟ ಬಡಿದು ರಸ್ತೆಗೆ ಬಿದ್ದಳು. ಒಂದು ಟಿಪ್ಪರು ಬ್ರೇಕು ಹಾಕಿ ನಿಂತದ್ದಕ್ಕೆ ಜೀವ ಉಳಿಯಿತು. ಸೊಂಟ ಉಳಿಯಲಿಲ್ಲ.

ಮೈಸೂರಿನ ಆಸ್ಪತ್ರೆಗೆ ಹೊತ್ತೊಯ್ದರು. ವಯಸ್ಸಾಗಿದೆ, ಮನೆಗೆ ಕರಕೊಂಡು ಹೋಗಿ ಅಂದರು. ಕರಕೊಂಡು ಬಂದರು.

ಮುದುಕಿ ಬಿದ್ದ ಸುದ್ದಿ ಕಚೇರಿಗೆ ಮುಟ್ಟಿತು. ಕಚೇರಿ ಸುಮ್ಮನಿರಲಿಲ್ಲ. ಜನ ಹತ್ತದ ಹಾಗೆ ಡಿವೈಡರಿನ ಉದ್ದಕ್ಕೂ ಎದೆಮಟ್ಟದ ಕಬ್ಬಿಣದ ಗ್ರಿಲ್ಲು ಹಾಕಲು ಹೇಳಿತು.

ಆ ಕೆಲಸಕ್ಕೆ ಕಾಂತರಾಜು ಮಂಗಳಮ್ಮನನ್ನು ಕರೆಯಲು ಬಂದ. ಅವಳು ಅತ್ತೆಯ ಬೆನ್ನಿನ ಹುಣ್ಣು ಒರೆಸುತ್ತಿದ್ದಳು. ತಿರುಗಿ ನೋಡಲಿಲ್ಲ. ಅವನು ಬಾಗಿಲಲ್ಲಿ ಒಂದು ಗಳಿಗೆ ನಿಂತು ಹೋದ.

ನಿಂಗಾಜಮ್ಮ ಹನ್ನೊಂದು ದಿನ ನರಳಿದಳು. ನೋವಿನ ನಡುವೆ ಒಂದೇ ಒಂದು ಸಲ ಕಲ್ಲಿನ ಮಾತೆತ್ತಿದಳು.

"ಮಂಗಳಿ, ಆ ಕಲ್ಲ ನೀನೇ ಮಡಗಿದ್ದೇನವ್ವ?"

"ಊಂ ಕಣತ್ತೆ."

"ಬೋ ಗಟ್ಟಿಯಾಗ್ ಮಡಗಿದ್ದೀಯ."

ಬೈದದ್ದಲ್ಲ. ಕೆಲಸ ಬಲ್ಲವಳು ಕೆಲಸ ಬಲ್ಲವಳಿಗೆ ಹೇಳಿದ ಮಾತು. ಅದಕ್ಕೇ ಅದು ಮಂಗಳಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಹನ್ನೆರಡನೆಯ ದಿನ ಬೆಳಿಗ್ಗೆ ಮುದುಕಿ ಹೋದಳು.

ಮೂಗೂರಿನಿಂದ ಮಂಗಳಮ್ಮನ ತವರಿನವರು ಬಂದರು. ದೇವನೂರಿನಿಂದ ನಾದಿನಿ ಬಂದಳು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಚಟ್ಟ ಎದ್ದಿತು. ಮುಂದೆ ತಮಟೆ. ಮಣ್ಣುರಸ್ತೆ ಮುಗಿದು ಹೆದ್ದಾರಿ ಬಂತು. ಎದುರಿಗೆ ಕಪ್ಪು ಹಳದಿ ಕಲ್ಲು, ಅದರ ಮೇಲೆ ಹಿಂದಿನ ದಿನವಷ್ಟೇ ನಿಲ್ಲಿಸಿದ ಗ್ರಿಲ್ಲು.

ಚಾಮಯ್ಯ ತಮಟೆಯವರಿಗೆ ತೆಂಕಲಿಗೆ ತಿರುಗಲು ಸನ್ನೆ ಮಾಡಿದ. ಮಂಟಪದ ಬಿಡುವಿನಲ್ಲಿ ದಾಟಿದರಾಯಿತು ಎಂದು ಅವನ ಲೆಕ್ಕ. ಆವತ್ತು ಮಂಟಪದಲ್ಲಿ ಮದುವೆ. ಬಾಳೆಕಂಬ ಕಟ್ಟಿದ್ದರು. ಬಿಡುವಿನ ತುಂಬ ಕಾರು. ಹೆಣ ಇನ್ನೂ ನೂರು ಅಡಿ ದೂರ ಇರುವಾಗಲೇ ಮಂಟಪದ ಮ್ಯಾನೇಜರ್ ಮಹಾದೇವಸ್ವಾಮಿ ಇಬ್ಬರು ಹುಡುಗರನ್ನು ಕರಕೊಂಡು ಓಡಿ ಬಂದ. ಬಿಳಿ ಪಂಚೆ. ಎರಡೂ ಕೈ ಚಾಚಿ ಅಡ್ಡ ನಿಂತ.

"ಚಾಮಯ್ಯ, ಬುದ್ಧಿ ಇದ್ಯಾ ನಿನಗೆ? ಮುಹೂರ್ತ ನಡೀತಾ ಇದೆ. ಹೆಣ ಮುಂದೆ ತರ್ತೀರಲ್ಲ."

"ದಾಟ್ಕಂಡ್ ಒಂಟೋಯ್ತೀವಿ ಸ್ವಾಮಿ. ಎಲ್ಡ್ ನಿಮ್ಸ."

"ಒಂದು ನಿಮಿಷಾನೂ ಇಲ್ಲ. ಅದೂ ನೀವು. ಯೂ-ಟರ್ನ್ ಇದೆಯಲ್ಲ, ಅಲ್ಲಿ ಹೋಗಿ."

ಅದೂ ನೀವು. ಆ ಎರಡು ಪದವನ್ನು ಅವನು ಮೆಲ್ಲಗೆ, ಹೇಳಬೇಕಾದ್ದೇ ಇಲ್ಲ ಎನ್ನುವ ಹಾಗೆ ಹೇಳಿದ. ತಮಟೆ ನಿಂತಿತು.

ಟ್ರಾಫಿಕ್ ಪೊಲೀಸಿನವನು ಬಂದ. ಸೀಟಿ ಊದಿದ. ರಸ್ತೆ ಬಿಡಿ ಅಂದ. ಹಿಂದೆ ಆಗಲೇ ಬಸ್ಸುಗಳು ನಿಂತು ಹಾರನ್ನು ಬಾರಿಸುತ್ತಿದ್ದವು. ಒಂದೂಕಾಲು ಕಿಲೋಮೀಟರು ಹೋಗಿ, ಒಂದೂಕಾಲು ಕಿಲೋಮೀಟರು ವಾಪಸು ಬಂದು, ಆಮೇಲೆ ನಾಲೆ ಏರಿ. ಏಪ್ರಿಲ್ ಬಿಸಿಲು. ಹೆಗಲು ಕೊಟ್ಟವರ ಕಾಲಡಿಯಲ್ಲಿ ಡಾಂಬರು ಮೆತ್ತಗಾಗಿತ್ತು.

"ನಡೀರ್ಲಾ, ಸುತ್ತಾಕಂಡೇ ಓಗಮ" ಅಂದ ಹುಚ್ಚಯ್ಯ. ಸತ್ತವಳು ಅವನ ಹೆತ್ತವ್ವ. "ಜಗಳ ಬ್ಯಾಡ."

ಆಗ ದೀಪಕ್ ಬೈಕಿನಲ್ಲಿ ಬಂದಿಳಿದ. ಕಾಂತರಾಜು ಅವನ ಹಿಂದೆ. ಕಾಂತರಾಜುವೇ ಉಪಾಯ ಹೇಳಿದ. ಅವನ ಮನಸ್ಸಿನಲ್ಲಿ ಅದು ಸಹಾಯವೇ.

"ಸುತ್ತಾಡದ್ಯಾಕೆ? ಈ ಕಡೆ ನಾಲ್ಕ್ ಜನ, ಆ ಕಡೆ ನಾಲ್ಕ್ ಜನ ನಿಂತ್ಕಳಿ. ಗ್ರಿಲ್ ಮ್ಯಾಲಿಂದ ಎತ್ತಿ ಆ ಕಡೀಕ್ ಕೊಟ್ಬುಡಿ."

ದೀಪಕ್ ತಲೆ ಆಡಿಸಿದ. "ಹಾಗೆ ಮಾಡಿ. ಬೇಗ ಮಾಡಿ."

ಮಂಟಪದಿಂದ ದೂರ, ಬೀದಿಯ ಬಾಯಿಗೇ ಚಟ್ಟ ಹಿಂದಿರುಗಿತು. ನಾಲ್ವರು ಗಂಡಸರು ಗ್ರಿಲ್ಲು ಹತ್ತಿ ಆಚೆ ಇಳಿದರು. ಈ ಕಡೆಯವರು ಚಟ್ಟ ಎತ್ತಿದರು. ಎದೆಮಟ್ಟ ಎತ್ತಿದರೆ ಸಾಲದು, ಗ್ರಿಲ್ಲಿನ ಚೂಪು ಮೊನೆಗಳು ತಾಗದಂತೆ ತಲೆಯ ಮೇಲೆತ್ತಬೇಕು. ಎತ್ತಿದರು. ಕಾಲ ಕಡೆ ಮೇಲಾಯಿತು. ತಲೆಯ ಕಡೆ ಕೆಳಗಾಯಿತು. ಚಟ್ಟ ವಾಲಿತು. ಹೂವಿನ ಹಾರ ಜಾರಿ ಡಾಂಬರಿಗೆ ಬಿತ್ತು. ಮುದುಕಿಯ ಕತ್ತು ಒಂದು ಪಕ್ಕಕ್ಕೆ ಹೊರಳಿ, ಬಾಯಿ ಕಟ್ಟಿದ್ದ ಬಟ್ಟೆ ಸಡಿಲವಾಗಿ, ಬಾಯಿ ತೆರೆದುಕೊಂಡಿತು. ಸೀರೆಯ ಅಂಚು ಮೊನೆಗೆ ಸಿಕ್ಕಿ ಪರ್ರನೆ ಹರಿಯಿತು. ನಿಂತಿದ್ದ ಬಸ್ಸಿನ ಕಿಟಕಿಯೊಂದರಿಂದ ಯಾರೋ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದರು.

"ಇಳ್ಸಿ" ಅಂದಳು ಮಂಗಳಮ್ಮ.

ಯಾರಿಗೂ ಕೇಳಿಸಲಿಲ್ಲ.

"ಇಳ್ಸಿ ಅಂದೆ. ಕೆಳೀಕೆ ಇಳ್ಸಿ."

ಅವಳ ದನಿ ದೊಡ್ಡದಿರಲಿಲ್ಲ. ಆದರೂ ಇಳಿಸಿದರು. ಹೆದ್ದಾರಿಯ ಮೇಲೆ, ಬಸ್ಸಿನ ಚಕ್ರದ ಮುಂದೆ, ಚಟ್ಟ ಇಳಿಯಿತು. ಅವಳು ಕೂತು ಅತ್ತೆಯ ಕತ್ತು ನೇರ ಮಾಡಿದಳು. ಬಾಯಿ ಮುಚ್ಚಿ ಬಟ್ಟೆ ಬಿಗಿದಳು. ಹರಿದ ಸೀರೆಯನ್ನು ಕಾಲಿಗೆ ಸುತ್ತಿದಳು. ಆಮೇಲೆ ಎದ್ದು ರಸ್ತೆಯ ಬದಿಗೆ ನಡೆದಳು. ಅಲ್ಲಿ ಕೆಲಸದವರ ತಗಡಿನ ಶೆಡ್ಡು. ಯಾವ ಮೂಲೆಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ಹಾರೆ ತಂದಳು.

"ಮಂಗಳವ್ವ, ಏನ್ ಮಾಡಕ್ಕೋಯ್ತಾ ಇದ್ದೀಯ?" ಕಾಂತರಾಜು ಅವಳ ರಟ್ಟೆ ಹಿಡಿದ.

"ಕೈ ಬುಡಣ್ಣ."

"ಸರ್ಕಾರದ್ ಆಸ್ತಿ ಕಣವ್ವ ಅದು. ಕೇಸಾಯ್ತದೆ. ನನ್ನ ಕೆಲ್ಸ ಓಯ್ತದೆ."

"ನಾನು ಮಡಗಿದ್ದು. ನಾನು ತಗೀತೀನಿ. ಕೈ ಬುಡು."

ಅವನು ಬಿಟ್ಟ.

ಗ್ರಿಲ್ಲಿನ ಕಂಬದ ಬುಡದ ಕಾಂಕ್ರೀಟು ಇನ್ನೂ ಹಸಿ. ಹಾರೆ ಹಾಕಿ ಮೀಟಿದಳು. ಎರಡನೆಯ ಮೀಟಿಗೆ ಕಂಬ ಅಲ್ಲಾಡಿತು. ಜೊತೆಗೆ ಕಲ್ಲು ಹೊತ್ತಿದ್ದ ಇಬ್ಬರು ಹೆಂಗಸರು ಮಾತಿಲ್ಲದೆ ಬಂದು ಗ್ರಿಲ್ಲು ಹಿಡಿದು ಎಳೆದರು. ದೇವನೂರಿನ ನಾದಿನಿ ಸೆರಗು ಕಟ್ಟಿದಳು. ಗ್ರಿಲ್ಲು ಬಿತ್ತು. ಕಲ್ಲು ಮಾತ್ರ ಸುಲಭಕ್ಕೆ ಬರಲಿಲ್ಲ. ಅಡಿಯ ಸಿಮೆಂಟು ಬಿಗಿದಿತ್ತು. ಮಂಗಳಮ್ಮನ ಅಂಗೈಯ ಹಳೆಯ ಗುಳ್ಳೆಗಳು ಒಡೆದವು. ಹಾರೆ ಜಾರಿತು. ಸೆರಗಿಗೆ ಒರೆಸಿ ಮತ್ತೆ ಹಿಡಿದಳು. ಪೊಲೀಸಿನವನು ಕೂಗಾಡುತ್ತಿದ್ದ. ದೀಪಕ್ ಫೋನಿನಲ್ಲಿ ಕೂಗಾಡುತ್ತಿದ್ದ. ಅವಳಿಗೆ ಯಾವುದೂ ಕಿವಿಗೆ ಬೀಳಲಿಲ್ಲ. ಒಂದು ಕಲ್ಲು ಹೊರಳಿತು. ಇನ್ನೊಂದು. ಹುಚ್ಚಯ್ಯ ಅವ್ವನ ಚಟ್ಟದ ಪಕ್ಕ ನಿಂತೇ ಇದ್ದ. ಮೂರನೆಯ ಕಲ್ಲಿಗೆ ಅವನೂ ಬಂದು ಹಾರೆಗೆ ಕೈ ಹಾಕಿದ. ಆ ಕಡೆ ಸಾಲು ಆರು, ಈ ಕಡೆ ಸಾಲು ಆರು. ನಡುವಿನ ಮಣ್ಣನ್ನು ಹೆಂಗಸರು ಕೈಯಲ್ಲೇ ಬಾಚಿದರು.

ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಹೆದ್ದಾರಿ ನಿಂತಿತ್ತು.

"ಈಗ ಎತ್ತಿ" ಅಂದಳು.

ನಿಂಗಾಜಮ್ಮ ಮಲಗಿದ ಹಾಗೇ, ನೇರವಾಗಿ, ಹೆದ್ದಾರಿ ದಾಟಿದಳು. ತಮಟೆ ಶುರುವಾಯಿತು.

ಮಾರನೆಯ ದಿನ ಬೆಳಿಗ್ಗೆ ಜೀಪು ಬಂತು. ಅದರಿಂದ ಇಳಿದವನು ಎ.ಎಸ್.ಐ. ಬಸವಯ್ಯ. ನಿವೃತ್ತಿಗೆ ಹತ್ತಿರದವನು. ಮಂಗಳಮ್ಮನನ್ನು ಸ್ಥಳಕ್ಕೆ ಕರೆಸಿದ. ಹೊಂಗೆಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಹಜರು ಬರೆದ. ಸ್ಥಳದಲ್ಲಿ ಏನೇನಿದೆ, ಏನೇನು ಹಾಳಾಗಿದೆ ಎಂದು ಬರೆಯುವ ಕಾಗದ. ದೀಪಕ್ ಪಕ್ಕದಲ್ಲಿ ನಿಂತು ಅಳತೆ ಹೇಳುತ್ತಿದ್ದ. ಸಾಕ್ಷಿಗೆ ಇಬ್ಬರು ಪಂಚರು ಬೇಕು. ಒಬ್ಬ ಚಾಮಯ್ಯ, ಇನ್ನೊಬ್ಬ ಮಂಟಪದ ಕಾವಲಿನವನು. ಭೀಮನಗರವೆಲ್ಲ ಬಂದು ರಸ್ತೆಯ ಬಾಯಿಗೆ ನಿಂತಿತ್ತು. ತೆರೆದ ಜಾಗದಲ್ಲಿ ಶಾಲೆಯ ಮಕ್ಕಳು ದಾಟುತ್ತಿದ್ದರು.

ಬರೆದು ಮುಗಿಸಿ ಬಸವಯ್ಯ ಕಾಗದ ಚಾಚಿದ. "ಇಲ್ಲಿ ಸಹಿ ಹಾಕಮ್ಮ. ಆಮೇಲೆ ಠಾಣೆಗೆ ಹೋಗಾಣ."

"ನನ್ನ ಮಗ್ಳು ಓದ್ಲಿ ಸಾ."

ಗೌತಮಿ ಕಾಗದ ತೆಗೆದುಕೊಂಡಳು. ಅಜ್ಜಿಯ ಮಣ್ಣಿಗೆ ಬಂದವಳು ಇನ್ನೂ ಮೈಸೂರಿಗೆ ಹೋಗಿರಲಿಲ್ಲ. ಜೋರಾಗಿ ಓದಿದಳು. ಶವವನ್ನು ಮಸಣಕ್ಕೆ ಸಾಗಿಸುವ ಸಲುವಾಗಿ ಆರೋಪಿತಳು ಹಾರೆಯಿಂದ ಗ್ರಿಲ್ಲು ಎರಡು, ಕಲ್ಲು ಹನ್ನೆರಡು ಕಿತ್ತಿದ್ದು. ಆಮೇಲೆ ಸ್ಥಳದ ಚಕ್ಕುಬಂದಿ. "ಪೂರ್ವಕ್ಕೆ, ನರಸೀಪುರದ ರಸ್ತೆ. ಉತ್ತರಕ್ಕೆ, ಮೈಸೂರಿಗೆ ಹೋಗುವ ಹೆದ್ದಾರಿ. ದಕ್ಷಿಣಕ್ಕೆ, ಕಲ್ಯಾಣ ಮಂಟಪದ ಮುಂದಿನ ತೆರವು. ಪಶ್ಚಿಮಕ್ಕೆ, ಖಾಲಿ ಜಾಗ."

"ಕಡೇದು ಇನ್ನೊಂದ್ ಸಲ ಓದು."

"ಪಶ್ಚಿಮಕ್ಕೆ, ಖಾಲಿ ಜಾಗ."

ಮಂಗಳಮ್ಮ ಪೆನ್ನನ್ನು ವಾಪಸು ಕುರ್ಚಿಯ ಕೈಯ ಮೇಲಿಟ್ಟಳು. "ಇದ್ಕೆ ನಾನು ಸಯಿ ಆಕಲ್ಲ ಸಾ."

"ಯಾಕೆ? ಕಿತ್ತಿಲ್ವಾ ನೀನು?"

"ಕಿತ್ತಿವ್ನಿ. ನಾನೇ ಅಂತ ಬರೀರಿ. ಒಂದ್ ಕಲ್ಲೂ ಕಮ್ಮಿ ಮಾಡ್ಬ್ಯಾಡಿ. ಪಡುವಲೀಕೆ ನಮ್ಮ ಬೀದಿ ಅದೆ. ಅದ ಬರೀರಿ."

"ಎಂಜಿನಿಯರು ಕೊಟ್ಟ ನಕ್ಷೆ ನೋಡ್ಕಂಡು ಬರ್ದಿದ್ದೀನಿ ಕಣಮ್ಮ. ಅದ್ರಲ್ಲಿ ರೋಡಿಲ್ಲ."

"ನಕ್ಸೆ ನೋಡ್ಬ್ಯಾಡಿ. ತಲೆ ಎತ್ತಿ ನೋಡಿ."

ಬಸವಯ್ಯನ ಮುಖ ಬಿಗಿಯಿತು. ಅವನು ಗೌತಮಿಯ ಕಡೆ ತಿರುಗಿದ. "ನರ್ಸಿಂಗ್ ಓದ್ತಿದ್ದೀಯಂತೆ. ನೆನ್ನೆ ನೀನೂ ಇಲ್ಲೇ ಇದ್ದೆ ಅಂತ ಬರೀಲಾ? ಕೇಸಿದ್ರೆ ಸರ್ಕಾರಿ ಕೆಲಸ ಸಿಕ್ಕಲ್ಲ, ಗೊತ್ತು ತಾನೆ?"

ನಿನ್ನೆಯಿಂದ ಮಂಗಳಮ್ಮನಿಗೆ ಬಾರದ ಭಯ ಈಗ ಬಂತು. ಹುಚ್ಚಯ್ಯ ಅವಳ ಹತ್ತಿರ ಬಂದ. "ಆಕ್ಬುಡು ಮಂಗಳಿ. ಒಂದ್ ಮಾತು ಎಂಗಿದ್ರೇನು. ಮಗೀನ ನೋಡು."

ಅವಳು ಮಗಳನ್ನು ನೋಡಿದಳು. ಗೌತಮಿಯ ಮುಖ ಬಿಳಿಚಿತ್ತು. ಆದರೆ ಕಾಗದದ ಮೇಲೆ ಆ ಕೊನೆಯ ಸಾಲಿನ ಕೆಳಗಿಟ್ಟ ಬೆರಳನ್ನು ಅವಳು ತೆಗೆದಿರಲಿಲ್ಲ.

"ಸಾರ್, ಮೇಲುಗಡೆ ಶವ ಸಾಗಿಸೋ ಸಲುವಾಗಿ ಅಂತ ನೀವೇ ಬರ್ದಿದ್ದೀರಿ" ಅಂದಳು ಗೌತಮಿ. "ಶವ ಖಾಲಿ ಜಾಗದಿಂದ ಎದ್ದು ಬಂತಾ ಸಾರ್? ನನ್ನ ಹೆಸರು ಬೇಕಾದ್ರೆ ಬರೀರಿ. ವಿಳಾಸ ಏನಂತ ಬರೀತೀರಿ?"

ಚಾಮಯ್ಯ ಮೆಲ್ಲಗೆ, "ಆ ಸಾಲು ಇರಗಂಟ ನಾನೂ ಪಂಚ್ನಾಗಿ ಸಯಿ ಆಕಕ್ಕಾಗಕಿಲ್ಲ ಸಾ" ಎಂದು ಒಂದು ಹೆಜ್ಜೆ ಹಿಂದೆ ಸರಿದ.

ಬಸವಯ್ಯ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. ಮತ್ತೆ ಹಾಕಿಕೊಂಡ. ತಲೆ ಎತ್ತಿದ. ಮಣ್ಣುರಸ್ತೆಯ ತುಂಬ ಜನ. ಅವರ ಹಿಂದೆ ತಗಡಿನ ಮನೆ, ತಾರಸಿ ಮನೆ, ನೀರಿನ ಟ್ಯಾಂಕು, ನೀಲಿ ಬಾವುಟ. ಪೆನ್ನಿಗೆ ಕೈ ಹಾಕಿದ.

ದೀಪಕ್ ಬಗ್ಗಿ ಹೇಳಿದ. "ಸರ್, ಹಾಗೆ ಬರೆದರೆ ನಮ್ಮ ಡ್ರಾಯಿಂಗೇ ತಪ್ಪು ಅಂತಾಗುತ್ತೆ. ಓಪನಿಂಗ್ ಕೊಡಿ ಅಂತ ನಾಳೆ ಕೋರ್ಟಿಗೆ ಹೋಗ್ತಾರೆ."

"ನಿಮ್ ಡ್ರಾಯಿಂಗ್ ನಿಮ್ ಹತ್ರ ಇರ್ಲಿ. ಪಂಚರ ಸಹಿ ಇಲ್ದೆ ನಾನು ಈ ಕಾಗದ ಯಾರಿಗ್ ಕೊಡ್ಲಿ?" ಅಂದ ಬಸವಯ್ಯ. ಅವನಿಗೆ ಮರುಕ ಬಂದಿತ್ತು ಎಂದು ಹೇಳುವಂತಿಲ್ಲ. ಬಿಸಿಲೇರುತ್ತಿತ್ತು, ಅವನಿಗೆ ಕೆಲಸ ಮುಗಿಯಬೇಕಿತ್ತು. ಎರಡು ಪದ ಹೊಡೆದು ಹಾಕಿದ. ಮೇಲೆ ಬರೆದ. ಪಕ್ಕದಲ್ಲಿ ತಿದ್ದುಪಡಿಯ ಸಣ್ಣ ಸಹಿ ಹಾಕಿದ. ಕಾಗದವನ್ನು ಗೌತಮಿಯ ಕೈಗೆ ಕೊಟ್ಟ.

"ಪಶ್ಚಿಮಕ್ಕೆ, ಭೀಮನಗರದಿಂದ ಬರುವ ರಸ್ತೆ" ಎಂದು ಅವಳು ಓದಿದಳು.

ನಾಲ್ಕು ಅರ್ಜಿ ಬರೆದಿದ್ದ ಚಾಮಯ್ಯ ಮುಖ ಆ ಕಡೆ ತಿರುಗಿಸಿಕೊಂಡ.

ಮಂಗಳಮ್ಮನಿಗೆ ಬರುವುದು ತನ್ನ ಹೆಸರಿನ ನಾಲ್ಕು ಅಕ್ಷರ ಮಾತ್ರ. ಅಂಗೈಗೆ ಬಟ್ಟೆ ಸುತ್ತಿದ್ದರಿಂದ ಪೆನ್ನು ಸರಿಯಾಗಿ ನಿಲ್ಲಲಿಲ್ಲ. ನಿಧಾನಕ್ಕೆ ಬರೆದಳು. ಕೊನೆಯ ಅಕ್ಷರದ ಒತ್ತು ದೊಡ್ಡದಾಗಿ ಕೆಳಗಿನ ಗೆರೆಯನ್ನು ದಾಟಿತು. ಯಾರೂ ಕೈ ಹಿಡಿಯುವ ಮೊದಲೇ ನಡೆದು ಹೋಗಿ ಜೀಪಿನ ಹಿಂದುಗಡೆ ಹತ್ತಿ ಕೂತಳು.

"ನಡೀರಿ ಸಾ" ಅಂದಳು. "ಈಗ ಎಲ್ಲೀಗಾದ್ರೂ ಬತ್ತೀನಿ."